ಕುರ್ಚಿಯ ಮೇಲಿನ ಕೊಡ

ನಮ್ಮ ಓಣಿಯ ಕಸ್ತೂರಿ ವಿದೇಶದ ಭಾರೀ ಹೆಸರಿನ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನ ಲ್ಯಾಪ್‌ಟಾಪಿನಲ್ಲೇ ನಡೆಯಿತು. ಪರದೆಯ ಮೇಲೆ ಬಂದ ಪ್ರೊಫೆಸರು ಮಹಾ ಬಿಗುಮಾನದವರು. "ನಮ್ಮ ಬಾಗಿಲಲ್ಲಿ ಜಗತ್ತೇ ಸಾಲು ನಿಂತಿದೆ. ನಾನು ಯಾರಿಗೂ ಕಾಯುವವನಲ್ಲ," ಎಂದೇ ಮಾತು ಶುರುಮಾಡಿದರು.

ಅಷ್ಟರಲ್ಲಿ ಹೊರಗಿನಿಂದ ಅವ್ವ ಕೂಗಿದಳು: "ಕಸ್ತೂರಿ, ನಳಾ ಬಂತು! ಲಗೂ ಬಾ!"

ನಮ್ಮಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಅವ್ವನಿಗೋ ಸೊಂಟನೋವು, ಕೊಡ ಎತ್ತುವಂತಿಲ್ಲ. ಕಸ್ತೂರಿ ಒಂದು ಕೊಡವನ್ನು ತನ್ನ ಕುರ್ಚಿಯ ಮೇಲಿಟ್ಟಳು. ಉಳಿದವನ್ನು ಎತ್ತಿಕೊಂಡು, "ಈಗ ಬಂದೆ ಸರ್," ಎಂದು ಓಡಿದಳು.

ನೀರು ತುಂಬಿ, ತೊಯ್ದು ತೊಪ್ಪೆಯಾಗಿ ತಿರುಗಿ ಬಂದರೆ, ಪ್ರೊಫೆಸರು ಇನ್ನೂ ಆ ಕೊಡವನ್ನೇ ದಿಟ್ಟಿಸುತ್ತಿದ್ದರು.

"ಏನಿದು?"

"ನನ್ನ ಪಾಳಿ ಸರ್. ನಮ್ಮ ನಳದ ಮುಂದೆ ಯಾರಿಗಾದರೂ ಬೇರೆ ಕೆಲಸ ಬಂದರೆ ಕೊಡ ಇಟ್ಟು ಹೋಗ್ತಾರೆ. ಕೊಡ ಇದ್ದರೆ ನಾವೇ ನಿಂತ ಲೆಕ್ಕ. ಎಂಥ ಜಗಳಗಂಟರೂ ಅದನ್ನು ಸರಿಸೋದಿಲ್ಲ."

"ನಾನು ಕಾಯುವವನಲ್ಲ ಅಂದಿದ್ದೆನಲ್ಲ?"

"ಅಂದಿದ್ರಿ ಸರ್. ಆದರೂ ಕಾದ್ರಿ. ನೀವೂ ನಮ್ಮ ಓಣಿಯವರೇ ಆದ್ರಿ."

ಪ್ರೊಫೆಸರ ಬಿಗಿದ ಮೋರೆ ಸಡಿಲಾಯಿತು. ಉಳಿದ ಪ್ರಶ್ನೆಗಳಿಗೂ ಅವಳು ಹಾಗೇ ತಡವರಿಸದೆ ಉತ್ತರ ಕೊಟ್ಟಳು. ಕೊನೆಗೆ ಅವರೆಂದರು: "ಸೆಪ್ಟೆಂಬರಿಗೆ ಬಂದು ಸೇರು. ಅಲ್ಲಿಯವರೆಗೆ ನಮ್ಮ ಸಾಲಿನಲ್ಲಿ ನಿನ್ನ ಕೊಡ ಇರಲಿ."

ಕಸ್ತೂರಿ ಕುಣಿಯುತ್ತ ಹೋಗಿ ಅವ್ವನಿಗೆ ಅದನ್ನೇ ಹೇಳಿದಳು. ಅವ್ವ ಹೌಹಾರಿದಳು.

"ಸೆಪ್ಟೆಂಬರ್ ತನಕಾ? ಹಂಗಾರ ಆ ಸೋರೋ ಕೊಡಾ ಇಡು. ಛಲೋದು ನಮಗ ಬೇಕು!"