ಮ್ಯಾನೇಜರ್ ರುಜು ಹಾಕಿದ ಪಾಠ

ಗಾರ್ಮೆಂಟ್ಸ್ ಫ್ಯಾಕ್ಟರಿಯ ಅರವತ್ತು ಹೆಂಗಸರಿಗೆ ಶೌಚಾಲಯಕ್ಕೆ ಹೋಗಲು ಇದ್ದದ್ದು ಒಂದೇ ಟೋಕನ್; ಅದು ಕೈಯಲ್ಲಿದ್ದವಳು ಮಾತ್ರ ಎದ್ದು ಹೋಗಬಹುದಿತ್ತು. ತಡೆದುಕೊಂಡು ತಡೆದುಕೊಂಡು ಕಾಯಿಲೆ ಬಿದ್ದವರು ಮೂರು ಟೋಕನ್ ಕೇಳಿದರು.

"ಮೀಟ್ ಮಿ ಹಾಫ್‌ವೇ!" ಎಂದು ಮ್ಯಾನೇಜರ್ ಗದರಿದ.

ಇಂಗ್ಲಿಷ್ ಕಲಿಯುತ್ತಿದ್ದ ಟೈಲರ್ ಕೆಂಪಾಜಮ್ಮ ನೋಟ್‌ಬುಕ್ ಚಾಚಿದಳು. "ಹಂಗಂದ್ರೇನು ಸಾರ್? ಉದಾಹರಣೆ ಸಮೇತ ಬರ್ಕೊಡಿ."

ಅವನು ಹೆಮ್ಮೆಯಿಂದ ಬರೆದ: "ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು. ನೀವು ಮೂರು ಟೋಕನ್ ಕೇಳುತ್ತೀರಿ, ನಾನು ಎರಡು ಕೊಡುತ್ತೇನೆ."

"ಮೇಷ್ಟ್ರು ರುಜು ಹಾಕದಿದ್ರೆ ಅದು ಪಾಠವೇ ಅಲ್ಲ ಸಾರ್."

ಉಬ್ಬಿಹೋದವನು ರುಜು ಹಾಕಿದ. ಕೆಂಪಾಜಮ್ಮ ಆ ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದಳು.

"ಅದು ಬರೀ ಉದಾಹರಣೆ ಕಣಮ್ಮ!" ಎಂದು ಅವನು ಅರಚಿದ.

"ಎಲ್ಲರೂ ಓದಾಯ್ತು ಸಾರ್."

ಎರಡನೇ ಟೋಕನ್ ಬಂತು. ಯಾರೂ ನಗಲಿಲ್ಲ. ಉಚ್ಚೆ ಹೊಯ್ಯುವ ಹಕ್ಕನ್ನೂ ಉಪಾಯದಿಂದ ಗಿಟ್ಟಿಸಬೇಕಾದ ಅರವತ್ತು ಹೆಂಗಸರು, ಒಂದು ಸಾಲಿದ್ದಲ್ಲಿ ಎರಡು ಸಾಲಾಗಿ ನಿಂತರು.