ಡ್ರೈವರೂ ಚಾರ್ಜಿಂಗ್ ಕೇಬಲ್ಲೂ

ಪುಂಡಲೀಕನೆಂಬುವನು ಮನೆಯಲ್ಲೇ ಬೆಸುಗೆ ಹಾಕಿ ಒಂದು ಎಲೆಕ್ಟ್ರಾನಿಕ್ ಬೋರ್ಡು ಕಟ್ಟಿದ. ಅದು ಆಡುವ ಮಾತನ್ನು ಕಂಪ್ಯೂಟರಿಗೆ ತಿಳಿಸಲೆಂದು ಡ್ರೈವರ್ ಎಂಬ ಪ್ರೋಗ್ರಾಮನ್ನೂ ತಾನೇ ಬರೆದ. ಕೈಗೆ ಸಿಕ್ಕ ಕೇಬಲ್ಲಿನಿಂದ ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿದ. ಬೋರ್ಡಿನ ದೀಪ ಹತ್ತಿತು. ಡ್ರೈವರು ಕಂಪ್ಯೂಟರಿನ ಬಾಗಿಲಲ್ಲಿ ಕಿವಿ ನಿಮಿರಿಸಿ ನಿಂತಿತು. ಒಂದು ಮಾತೂ ಬರಲಿಲ್ಲ.

“ಸ್ವಾಮಿ, ನನಗೇನೂ ಕೇಳಿಸುತ್ತಿಲ್ಲ,” ಎಂದಿತು.

“ದೀಪ ಉರಿಯುತ್ತಿದೆಯಲ್ಲ! ಬೋರ್ಡು ಸರಿಯಿದೆ, ಕೇಬಲ್ಲು ಸರಿಯಿದೆ. ಕಿವುಡಾಗಿರುವುದು ನೀನೇ,” ಎಂದು ಪುಂಡಲೀಕ ಅದರ ಒಂದು ಸಾಲು ಅಳಿಸಿ ಇನ್ನೊಂದು ಸೇರಿಸಿದ. ಆಗಲೂ ಮಾತು ಬರಲಿಲ್ಲ. ಮತ್ತೆ ಅಳಿಸಿದ, ಮತ್ತೆ ತುರುಕಿದ. ತನ್ನ ಮೈಯಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂಬುದೇ ಡ್ರೈವರಿಗೆ ತಿಳಿಯದಾಯಿತು.

ಕೊನೆಗೆ ಅದು ಕೇಬಲ್ಲನ್ನು ಕೇಳಿತು: “ಅಣ್ಣಾ, ಬೋರ್ಡು ಹೇಳಿದ್ದನ್ನೆಲ್ಲ ಏನು ಮಾಡಿದೆ?”

“ನಾನು ಫೋನ್ ಚಾರ್ಜ್ ಮಾಡುವ ಕೇಬಲ್ಲು, ಮಾರಾಯ. ಕರೆಂಟು ತರುತ್ತೇನೆ. ಮಾತು ತರುವ ತಂತಿಯೇ ನನ್ನೊಳಗಿಲ್ಲ.”

“ಅಯ್ಯೋ, ಮೊದಲೇ ಹೇಳಬಾರದಿತ್ತೇ?”

“ದೀಪ ಉರಿಯುತ್ತಿರುವಾಗ ನನ್ನನ್ನು ಕೇಳಿದವರು ಯಾರು?”

ಅಷ್ಟರಲ್ಲಿ ಪುಂಡಲೀಕನ ಫೋನಿನ ಚಾರ್ಜು ಮುಗಿಯಿತು. ಆ ಕೇಬಲ್ಲನ್ನು ಕಿತ್ತು ಫೋನಿಗೆ ಚುಚ್ಚಿದ. ಬೋರ್ಡಿಗೆ ಪ್ರಿಂಟರಿನ ಕೇಬಲ್ಲು ಹಾಕಿದ. ಅದರೊಳಗೆ ಮಾತು ತರುವ ತಂತಿಯೂ ಇತ್ತು. ಬೋರ್ಡಿನ ಮಾತು ಮೊದಲ ಸಲ ಸ್ಪಷ್ಟವಾಗಿ ಬಂತು: “ನಾನು ಬಂದಿದ್ದೇನೆ. ಗುರುತು ಸಿಕ್ಕಿತೇ?”

ಡ್ರೈವರು ತನ್ನೊಳಗೆಲ್ಲ ತಡಕಾಡಿತು. ಬೋರ್ಡಿನ ಗುರುತು ಬರೆದಿದ್ದ ಸಾಲನ್ನು ಪುಂಡಲೀಕ ಆ ತಿದ್ದಾಟದಲ್ಲೇ ಅಳಿಸಿಬಿಟ್ಟಿದ್ದ.

“ನೀನು ಯಾರೋ ನನಗೆ ಗೊತ್ತಿಲ್ಲ,” ಎಂದಿತು.

ಪುಂಡಲೀಕ ಮೇಜು ಗುದ್ದಿದ. “ನೋಡಿದೆಯಾ! ಮೊದಲಿಂದಲೂ ತಪ್ಪು ನಿನ್ನದೇ.”