ಆಚೆ ದಡಕ್ಕೆ ಒಂದು ಕೂಗು

ನನ್ನ ಹರಿಗೋಲನ್ನು ಒಂದು ಮೊಸಳೆ ಮೂತಿಯಿಂದ ದೂಡಿ, ಹರಿವಿಗೆ ಎದುರಾಗಿ ಹೊಳೆ ಹತ್ತಿಸಿತ್ತು. ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ, ಅದಕ್ಕೇ ನಾನು ಹೇಳಬೇಕಾಗಿದೆ.

ಆದರೆ ಅಂದು ದೊಡ್ಡ ಕೆಲಸ ಮಾಡಿದ್ದು ಮೊಸಳೆಯಲ್ಲ, ನಾನೂ ಅಲ್ಲ. ಕಲ್ಲೇಶಯ್ಯ ಗುರುಗಳು.

ಹೊಳೆದಂಡೆಯ ಆಶ್ರಮದಲ್ಲಿ ಅವರು ಕಂಪ್ಯೂಟರ್ ವಿದ್ಯೆ ಕಲಿಸುತ್ತಿದ್ದರು. ಅಂಥವರು ಮೂರು ಲೋಕದಲ್ಲಿ ಹುಡುಕಿದರೂ ಸಿಗರು. ಎರಡನ್ನು ನಾನೇ ಹುಡುಕಿದ್ದೇನೆ.

ಅವರ ಶಿಷ್ಯ ಮಾದೇಶ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದ. ಸುತ್ತಿನ ಆಸ್ಪತ್ರೆಗಳ ಔಷಧದ ಲೆಕ್ಕವೆಲ್ಲ ಒಂದು ಡೇಟಾಬೇಸಿನಲ್ಲಿತ್ತು. ಪ್ರೋಗ್ರಾಂ ಅದನ್ನು ಕೇಳಬೇಕು, ಓದಬೇಕು, ಇದೆಯೋ ಇಲ್ಲವೋ ಹೇಳಬೇಕು.

ಒಂದು ದಿನ ಹಾವು ಕಚ್ಚಿದ ಗಂಗಮಾಳವ್ವನನ್ನು ತಂದು ನನ್ನ ಹರಿಗೋಲಿನಲ್ಲಿ ಮಲಗಿಸಿದರು. ಮೇಲಕ್ಕೆ ಹೋದರೆ ಹತ್ತಿರದ ಆಸ್ಪತ್ರೆ. ಕೆಳಕ್ಕೆ ಹೋದರೆ ಪಟ್ಟಣ, ಅರ್ಧ ದಿನದ ದಾರಿ. ಅವಳ ಕಣ್ಣು ಆಗಲೇ ಮುಚ್ಚಿಕೊಳ್ಳುತ್ತಿತ್ತು.

“ಎತ್ತ ಹೋಗಲಿ?” ಎಂದೆ.

ಮಾದೇಶ ಪ್ರೋಗ್ರಾಂ ಓಡಿಸಿ ಬಂದ. “ಮೇಲಿನ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇಲ್ಲ. ಪಟ್ಟಣಕ್ಕೇ ಹೊರಡು, ಯಂಕಣ್ಣಾ.”

“ತಾಳು,” ಎಂದರು ಗುರುಗಳು. ಆಚೆ ದಡದಲ್ಲಿ ದಿನಾ ಮೀನು ಹಿಡಿಯುವ ಮುದುಕಪ್ಪನನ್ನು ಕೂಗಿದರು. “ಮುದುಕಪ್ಪಾ!”

ಆಚೆ ದಡ ಸುಮ್ಮನಿತ್ತು.

“ಅಲ್ಲಿದ್ದಾನೇನಯ್ಯಾ, ಮಾದೇಶ?”

“ಇಲ್ಲ, ಗುರುಗಳೇ.”

“ಇಲ್ಲ ಅಂತ ಉತ್ತರ ಬಂತೋ, ಉತ್ತರವೇ ಬರಲಿಲ್ಲವೋ?”

ಮಾದೇಶ ಒಳಕ್ಕೆ ಓಡಿದ.

ಓದುವ ಆಜ್ಞೆ ಡೇಟಾಬೇಸನ್ನು ಮುಟ್ಟಿತೋ ಇಲ್ಲವೋ ಅಂತ ಅವನ ಪ್ರೋಗ್ರಾಂ ನೋಡುತ್ತಲೇ ಇರಲಿಲ್ಲ. ಸಂಪರ್ಕ ಕಡಿದುಹೋಗಿತ್ತು. ಇಂಜೆಕ್ಷನ್ ಎಷ್ಟಿವೆ ಎಂಬ ಎಣಿಕೆ, ಅವನು ಮೊದಲೇ ಇಟ್ಟ ಸೊನ್ನೆಯಲ್ಲೇ ನಿಂತಿತ್ತು. ಸೊನ್ನೆ ಕಂಡರೆ ‘ಇಲ್ಲ’ ಅನ್ನು ಎಂದು ಇವನೇ ಬರೆದಿದ್ದ. ಸಿ ಭಾಷೆ ಹೇಳಿದಷ್ಟೇ ಮಾಡಿತ್ತು, ಪಾಪ.

ಸಂಪರ್ಕ ಕೂಡಿಸಿ ಮತ್ತೆ ಕೇಳಿದ. “ಇದೆ! ಇಂಜೆಕ್ಷನ್ ಇದೆ! ಮೇಲಕ್ಕೆ ಹೋಗು, ಯಂಕಣ್ಣಾ!” ಎಂದು ಕೂಗುತ್ತ ಬಂದ.

ಅಷ್ಟರಲ್ಲಿ ಆಚೆ ಬಂಡೆಯ ಹಿಂದಿನಿಂದ ಮುದುಕಪ್ಪ ಪಂಚೆ ಹಿಂಡುತ್ತ ಎದ್ದು ನಿಂತ. “ಕರೆದಿರಾ, ಬುದ್ಧಿ?”

ಗಂಗಮಾಳವ್ವ ಬದುಕಿದಳು. ಮೊಸಳೆ ದೂಡಿದ್ದು ಅವಳನ್ನು ಮೇಲಕ್ಕೆ ಒಯ್ಯುವ ಆ ಹೊತ್ತಿನಲ್ಲೇ.

ಕೇಳುತ್ತ ಕೂತಿದ್ದ ನನ್ನ ಮೊಮ್ಮಗಳು ಬಿಡಲಿಲ್ಲ. “ಅಜ್ಜಾ, ನಮ್ಮ ಹೊಳೆಯಲ್ಲಿ ಮೊಸಳೆಯೇ ಇಲ್ಲವಲ್ಲ!”

ನಾನು ಭುಜ ಕುಣಿಸಿದೆ. ಗುರುಗಳ ಮಾತು ಇತ್ತಲ್ಲ, ಅದನ್ನೇ ಅವಳಿಗೆ ಕೇಳಿದೆ.

“ಇಲ್ಲ ಅಂತ ಉತ್ತರ ಬಂತೋ, ಉತ್ತರವೇ ಬರಲಿಲ್ಲವೋ?”